ಮಕ್ಕಳಿಗೆ ಓದು ಕಲಿಸುವ ಸ್ವಯಂಸೇವಾಕ್ರಮ: ಅದರ ಮೂಲವೂ ಬೆಳವಣಿಗೆಯೂ

1

ಬಲ್ಲವನು ಅರಿಯದವನಿಗೆ ಪ್ರತಿಫಲವನ್ನು ಬಯಸದೆ ಅಕ್ಷರವನ್ನು ತಿಳಿಸಿಕೊಡುವುದು ವಿದ್ಯಾದಾನವೆನಿಸಿಕೊಳ್ಳುವುದು. ಧರ್ಮಶಾಸ್ತ್ರಕಾರರು ಈ ದಾನವನ್ನು ಬಹುವಾಗಿ ಕೊಂಡಾಡಿರುವರು. ಮನುಸ್ಮೃತಿಯು ಜೀವನಾರ್ಥವಾಗಿ ವೇದದ ಏಕದೇಶವನ್ನು ಹೇಳಿಕೊಡುವವನನ್ನು ಉಪಾಧ್ಯಾಯನೆಂದು ಕರೆದು ಆಚಾರ್ಯನಿಗಿಂತ ಕೆಳಗಿನ ಸ್ಥಾನದಲ್ಲಿರಿಸಿರುವುದಲ್ಲದೆ, ಕೂಲಿಗಾಗಿ ಪಾಠ ಹೇಳುವ ಭೃತಕಾಧ್ಯಾಪಕನನ್ನು ಶ್ರಾದ್ಧಪಂಕ್ತಿಗೆ ಅರ್ಹರಲ್ಲದವರ ಸಾಲಿನಲ್ಲಿ ಸೇರಿಸಿರುವುದು. ಆದರೆ ಕನ್ನಡನಾಡಿನ ಊರೂರುಗಳಲ್ಲಿ ಮಕ್ಕಳಿಗೆ ಓದುಬರಹಗಳನ್ನು ಕಲಿಸಿದ ಶಾಲೆಗೆ ಜನರು ಇಟ್ಟ ಹೆಸರು ಕೂಲಿಮಠ. ಶಾಸ್ತ್ರವು ಯಾವ ಮಾತನ್ನು ನಿಂದೆಗಾಗಿ ಬಳಸಿತೋ ಅದೇ ಮಾತನ್ನು ಲೋಕವು ತನ್ನ ಮಕ್ಕಳ ಪಾಠಶಾಲೆಗೆ ಹೆಸರಾಗಿ ಕೊಟ್ಟು, ಅದರಲ್ಲಿ ಯಾವ ಕುಂದನ್ನೂ ಕಾಣದೆ, ತಲೆಮಾರುಗಳವರೆಗೆ ಅಲ್ಲಿಯೇ ಅಕ್ಷರಾಭ್ಯಾಸವನ್ನು ಮಾಡಿಸಿತು.

ಈ ವಿರೋಧವು ಕೇವಲ ಶಬ್ದದಲ್ಲಿರುವುದಲ್ಲ. ಮಕ್ಕಳಿಗೆ ಮೊದಲ ಓದನ್ನು ಕಲಿಸುವ ಭಾರವನ್ನು ಯಾರು ಹೊರಬೇಕು, ದಾನಬುದ್ಧಿಯನ್ನು ನೆಚ್ಚಿ ಅದನ್ನು ನಡೆಯಿಸಬಹುದೇ ಅಥವಾ ವೇತನವನ್ನು ಕೊಟ್ಟು ಕರ್ತವ್ಯವನ್ನಾಗಿ ವಿಧಿಸಬೇಕೇ ಎಂಬ ಪ್ರಶ್ನೆಯು ಇದರೊಳಗೆ ಅಡಗಿರುವುದು. 1990ರ ದಶಕದಿಂದೀಚೆಗೆ ಭಾರತದಲ್ಲಿ ಸ್ವಯಂಸೇವಕರ ಮೂಲಕ ಮಕ್ಕಳಿಗೆ ಓದು ಕಲಿಸುವ ದೊಡ್ಡದೊಂದು ಕಾರ್ಯವು ಬೆಳೆದಿರುವುದು. ಅದನ್ನು ಹೊಸತೆಂದು ಹೊಗಳುವವರೂ ಇರುವರು. ಹಳೆಯ ಮಠದ ಪದ್ಧತಿಯೇ ಬೇರೊಂದು ಹೆಸರಿನಿಂದ ಬಂದಿತೆಂದು ಹೇಳುವವರೂ ಇರುವರು. ಈ ಎರಡು ಪಕ್ಷಗಳಲ್ಲಿ ಯಾವುದಕ್ಕೆ ಎಷ್ಟು ಪ್ರಮಾಣವಿರುವುದೆಂಬುದನ್ನು ಕಾಲಕ್ರಮದಿಂದ ನೋಡುವುದು ಉಚಿತವಾಗಿರುವುದು.

2

ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿಗೆ ಕನ್ನಡನಾಡಿನಲ್ಲಿ ದೊರೆಯುವ ಒಂದು ಸ್ಪಷ್ಟವಾದ ಸಾಕ್ಷ್ಯವು ವಿದೇಶೀಯನೊಬ್ಬನ ಬರಹದಲ್ಲಿರುವುದು. ಇಟಲಿ ದೇಶದ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಪ್ರವಾಸಿಯು 1623ರಲ್ಲಿ, ಕೆಳದಿಯ ಅರಸನಾದ ವೆಂಕಟಪ್ಪನಾಯಕನ ಬಳಿಗೆ ಪೋರ್ಚುಗೀಸರು ಕಳುಹಿಸಿದ ರಾಯಭಾರದೊಡನೆ, ಗೋವೆಯಿಂದ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ಆ ದಾರಿಯಲ್ಲಿ ಒಂದು ದೇವಾಲಯದ ಮುಖಮಂಟಪದಲ್ಲಿ ಕೆಲವರು ಹುಡುಗರು ಕುಳಿತು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಒಬ್ಬನು ಪಾಠದ ಅಂಶವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲವೆಲ್ಲ ತುಂಬಿದ ಮೇಲೆ ಒರಸಿ ಮತ್ತೆ ಮರಳನ್ನು ಹರಡುವರು. ಸಂದೇಹ ಬಂದರೆ ತಿದ್ದುವವರು ಯಾರೆಂದು ಪ್ರವಾಸಿಯು ಕೇಳಲು, ತಾವೆಲ್ಲರೂ ಗುರುವಿಲ್ಲದೆಯೇ ಒಬ್ಬರಿಗೊಬ್ಬರು ನೆರವಾಗಿ ಕಲಿಯುವವರೆಂಬ ಅಭಿಪ್ರಾಯದ ಉತ್ತರವು ಬಂದಿತು.

ಈ ವರ್ಣನೆಯಲ್ಲಿ ಮೂರು ಅಂಶಗಳು ಗಮನಾರ್ಹವಾಗಿರುವುವು. ಬೆಲೆಯಿಲ್ಲದ ಉಪಕರಣ ಒಂದು. ಕಂಠ, ಕಿವಿ, ಕೈಗಳು ಏಕಕಾಲದಲ್ಲಿ ಕೆಲಸಮಾಡುವುದು ಎರಡು. ಕಲಿಯುವವರಲ್ಲಿಯೇ ಒಬ್ಬನು ಕಲಿಸುವವನಾಗುವುದು ಮೂರು. ಆದರೆ ಆ ಹುಡುಗರಿಗೆ ಎಂದೂ ಗುರುವಿರಲಿಲ್ಲವೆಂದು ಇದರಿಂದ ಊಹಿಸಲಾಗದು. ಪಾಠದ ಮೊದಲ ರೂಪವು ಗುರುವಿನಿಂದಲೇ ಬಂದಿರಬೇಕು. ಅದರ ಅಭ್ಯಾಸವು ಮಾತ್ರ ಸಹಪಾಠಿಗಳ ವಶದಲ್ಲಿದ್ದಿತು ಎಂದು ತಿಳಿಯುವುದೇ ಯುಕ್ತವಾದುದು.

3

ಇದಾದ ನೂರ ಅರುವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಈ ಪದ್ಧತಿಯ ಹೆಸರು ಸಮುದ್ರವನ್ನು ದಾಟಿತು. ಸ್ಕಾಟ್ಲೆಂಡಿನ ಆಂಡ್ರೂ ಬೆಲ್ ಎಂಬ ಪಾದ್ರಿಯು 1787ರಲ್ಲಿ ಮದರಾಸಿಗೆ ಬಂದು, 1789ರಲ್ಲಿ ಎಳುಂಬೂರಿನಲ್ಲಿ ತೆರೆದ ಸಿಪಾಯಿಗಳ ಅನಾಥಬಾಲಕರ ಆಶ್ರಮಕ್ಕೆ ಮೇಲ್ವಿಚಾರಕನಾದನು. ಅಲ್ಲಿಯ ಉಪಾಧ್ಯಾಯರು ಮಕ್ಕಳಿಗೆ ಅಕ್ಷರವನ್ನು ಕಲಿಸುವುದರಲ್ಲಿ ಬಹಳ ಕಾಲವನ್ನು ಕಳೆಯುತ್ತಿದ್ದರು. ಒಮ್ಮೆ ಬೆಲ್ಲನು ದೇಶೀಯ ಶಾಲೆಯೊಂದರ ಮುಂದೆ ಹೋಗುತ್ತಿರುವಾಗ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದುದನ್ನು ಕಂಡು, ಅದನ್ನು ತನ್ನ ಆಶ್ರಮದಲ್ಲಿ ಆಚರಿಸುವಂತೆ ಅಪ್ಪಣೆಮಾಡಿದನು. ಉಪಾಧ್ಯಾಯರು ಅದಕ್ಕೆ ಮನಸ್ಸುಕೊಡಲಿಲ್ಲ. ಆಗ ಅವನು ಜಾನ್ ಫ್ರಿಸ್ಕೆನ್ ಎಂಬ, ಸಾಮಾನ್ಯ ಸಿಪಾಯಿಯ ಮಗನಾದ ಎಂಟು ವರ್ಷದ ಹುಡುಗನನ್ನು ಕರೆದು ಅತ್ಯಂತ ಕೆಳಗಿನ ವರ್ಗವನ್ನು ಅವನಿಗೆ ಒಪ್ಪಿಸಿದನು. ದೊಡ್ಡವರಿಂದಾಗದ ಕೆಲಸವು ಹುಡುಗನಿಂದಾಯಿತು. ಬರಬರುತ್ತ ಆಶ್ರಮದ ಪಾಠವೆಲ್ಲವೂ ಬಾಲಕರ ಕೈಯಿಂದಲೇ ನಡೆಯತೊಡಗಿತು. ಬೆಲ್ಲನು 1796ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಮರುವರ್ಷ ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿದನು. ಇದರಿಂದಲೇ ಈ ಕ್ರಮಕ್ಕೆ ‘ಮದರಾಸು ಪದ್ಧತಿ’ ಎಂಬ ಹೆಸರು ಬಂದಿತು.

ಬೆಲ್ಲನು ಈ ಪದ್ಧತಿಯನ್ನು ಭಾರತದಿಂದಲೇ ಪಡೆದನೆಂದು ಅನೇಕರು ಬರೆದಿರುವರು. ಇಲ್ಲಿ ಸ್ವಲ್ಪ ವಿವೇಚನೆಯು ಅವಶ್ಯಕ. ಮರಳಿನ ಬರಹವನ್ನು ದೇಶೀಯ ಶಾಲೆಯಿಂದ ತೆಗೆದುಕೊಂಡುದಾಗಿ ಅವನೇ ಒಪ್ಪಿಕೊಂಡಿರುವನು. ಆದುದರಿಂದ ಅದು ನಿರ್ವಿವಾದ. ಬಾಲಕನಿಂದ ಬಾಲಕನಿಗೆ ಪಾಠ ಹೇಳಿಸುವುದನ್ನಾದರೋ ಅವನು ತನ್ನ ಕಷ್ಟಕಾಲದಲ್ಲಿ ತನಗೇ ತೋರಿದ ಉಪಾಯವೆಂದು ಹೇಳಿಕೊಂಡಿರುವನು. ಆ ಕ್ರಮವು ಈ ದೇಶದಲ್ಲಿ ಅದಕ್ಕೆ ಮೊದಲೇ ಇದ್ದಿತೆಂಬುದಕ್ಕೆ ದೆಲ್ಲ ವಾಲ್ಲೆಯ ಬರಹವೇ ಪ್ರಮಾಣ. ಆದರೆ ಇದ್ದಿತೆಂಬುದು ಬೇರೆ, ಅದನ್ನು ನೋಡಿ ಬೆಲ್ಲನು ಕಲಿತನೆಂಬುದು ಬೇರೆ. ಮೊದಲನೆಯದು ಸಿದ್ಧ, ಎರಡನೆಯದು ಸಂಭಾವ್ಯವೇ ಹೊರತು ಸಿದ್ಧವಲ್ಲ. ಅಭಿಮಾನವು ಪ್ರಮಾಣದ ಸ್ಥಾನವನ್ನು ಆಕ್ರಮಿಸಲಾಗದು.

ಇಂಗ್ಲೆಂಡಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವನು 1798ರಲ್ಲಿ ಬಡಮಕ್ಕಳಿಗಾಗಿ ಶಾಲೆಯನ್ನು ತೆರೆದು ಇದೇ ಬಗೆಯ ಕ್ರಮವನ್ನು ಬೇರೊಂದು ರೀತಿಯಿಂದ ಬೆಳೆಯಿಸಿದನು. ಇಬ್ಬರ ಅನುಯಾಯಿಗಳಿಗೂ ಮತಭೇದದ ಕಾರಣದಿಂದ ವಿವಾದ ಹುಟ್ಟಿ ಎರಡು ದೊಡ್ಡ ಸಂಘಗಳಾದುವು. ಒಬ್ಬ ಗುರುವು ನೂರಾರು ಮಕ್ಕಳನ್ನು ಅತ್ಯಲ್ಪವಾದ ವೆಚ್ಚದಿಂದ ಓದಿಸಬಹುದೆಂಬುದೇ ಪದ್ಧತಿಯ ಮಹಿಮೆಯಾಯಿತು. ದೇವಾಲಯದ ಜಗಲಿಯಲ್ಲಿ ಗೆಳೆಯರು ಒಬ್ಬರಿಗೊಬ್ಬರು ನೆರವಾಗುತ್ತಿದ್ದ ರೀತಿಯು ಅಲ್ಲಿ ಯಂತ್ರದ ರೂಪವನ್ನು ತಾಳಿತು. ಆಜ್ಞೆಯ ಮಾತಿಗೆ ಏಳುವುದು, ಆಜ್ಞೆಯ ಮಾತಿಗೆ ಕೂರುವುದು, ಸಾಲುಸಾಲಾಗಿ ನಿಂತು ಹೇಳುವುದು ಇವೇ ಮುಖ್ಯವಾದುವು. ಕೊನೆಗೆ 1846ರಲ್ಲಿ ಇಂಗ್ಲೆಂಡಿನ ಸರ್ಕಾರವು ತರಬೇತಿ ಪಡೆದ, ವೇತನವುಳ್ಳ ಶಿಷ್ಯೋಪಾಧ್ಯಾಯರನ್ನು ನೇಮಿಸುವ ಏರ್ಪಾಡನ್ನು ಮಾಡಿದ ಮೇಲೆ ಮದರಾಸು ಪದ್ಧತಿಯು ಅಲ್ಲಿ ಕ್ರಮೇಣ ಅಡಗಿತು.

4

ಈ ಪದ್ಧತಿಯು ತನ್ನ ಸ್ವಂತ ನೆಲದಲ್ಲಿ ಹೇಗಿದ್ದಿತೆಂಬುದನ್ನು ತಿಳಿಯಲು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನ ವರದಿಯು ಉತ್ತಮವಾದ ಸಾಧನ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ದೇಶೀಯ ಶಾಲೆಗಳ ಲೆಕ್ಕವನ್ನು ತರಿಸಲು ಆಜ್ಞೆಮಾಡಿದನು. ಕ್ಯಾಂಬೆಲ್ಲನು 1823ರ ಆಗಸ್ಟಿನಲ್ಲಿ ಉತ್ತರವನ್ನು ಕಳುಹಿಸಿದನು. ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641. ಈ ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲೀಷಿನದು 1. ಇವಲ್ಲದೆ ಸಂಸ್ಕೃತದ ಪಾಠಸ್ಥಾನಗಳು 23. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ.

ಆ ಶಾಲೆಗಳ ದಿನಚರಿಯನ್ನು ಕ್ಯಾಂಬೆಲ್ಲನು ವಿವರವಾಗಿ ಕೊಟ್ಟಿರುವನು. ಬೆಳಗಿನ ಜಾವದಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಸ್ತುತಿಯೂ ಇಲ್ಲ ನಿಂದೆಯೂ ಇಲ್ಲವೆಂಬುದಕ್ಕೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಮುಂದುವರಿಯುವುದು. ಮಕ್ಕಳನ್ನು ಅವರವರ ತಿಳಿವಳಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸುವರು. ಕೆಳಗಿನ ವರ್ಗಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುವರು. ಮೇಲಿನವನ್ನು ಅಯ್ಯನವರು ತಾವೇ ನೋಡುತ್ತ, ಎಲ್ಲದರ ಮೇಲೆಯೂ ಒಂದು ಕಣ್ಣಿಟ್ಟಿರುವರು. ಮೊದಲು ಮರಳಿನಲ್ಲಿ ಅಕ್ಷರವನ್ನು ತಿದ್ದುವುದು. ಬಳಿಕ ಮಸಿ ಬಳಿದ ಹಲಗೆಯ ಮೇಲೆ, ಅಥವಾ ಗಂಜಿ ಹಾಕಿ ಮಡಿಸಿ ಇದ್ದಿಲು, ಅಂಟುಗಳ ಲೇಪವನ್ನು ಕೊಟ್ಟ ಬಟ್ಟೆಯ ಕಡತದ ಮೇಲೆ, ಬಳಪದಿಂದ ಬರೆಯುವುದು. ಮುಂದುವರಿದವರು ಕಿರಿಯರಿಗೆ ಕಲಿಸುತ್ತ ತಮ್ಮ ಪಾಠವನ್ನೂ ದೃಢಪಡಿಸಿಕೊಳ್ಳುವ ಈ ಕ್ರಮವು ಮೆಚ್ಚತಕ್ಕುದೆಂದೂ, ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದುದು ಯೋಗ್ಯವೇ ಆಗಿರುವುದೆಂದೂ ಕ್ಯಾಂಬೆಲ್ಲನು ಬರೆದಿರುವನು.

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಈ ವರದಿಯಲ್ಲಿ ಇನ್ನೊಂದು ವಿಶೇಷವಿರುವುದು. ಆ ಶಾಲೆಗಳಲ್ಲಿ ಓದುತ್ತಿದ್ದ ಗ್ರಂಥಗಳಲ್ಲಿ ರಾಮಾಯಣ, ಭಾರತ, ಭಾಗವತಗಳೊಡನೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳೂ, ಅಮರ, ಶಬ್ದಮಣಿದರ್ಪಣಗಳೂ ಹೆಸರಿಸಲ್ಪಟ್ಟಿರುವುವು. ಇದನ್ನು ಓದಿ ಹಿಂದಿನವರ ಪಾಂಡಿತ್ಯಕ್ಕಾಗಿ ಹಿಗ್ಗುವುದು ಸಹಜ. ಆದರೆ ಕ್ಯಾಂಬೆಲ್ಲನ ಮುಂದಿನ ಮಾತು ಆ ಹಿಗ್ಗನ್ನು ತಗ್ಗಿಸುವುದು. ಈ ಗ್ರಂಥಗಳ ಭಾಷೆಯು ಮನೆಯ ಮಾತಿಗಿಂತ ಬೇರೆಯಾದುದು. ಲಿಪಿಯೊಂದೇ ಆದುದರಿಂದ ಹುಡುಗರು ಅಕ್ಷರವನ್ನು ಗುರುತಿಸಿ ಪದ್ಯವನ್ನು ಸರಾಗವಾಗಿ ಹೇಳುವರಾದರೂ ಅದರ ಅರ್ಥವನ್ನು ಹೇಳಬಲ್ಲ ಗುರುಗಳು ಕೆಲವರು, ತಿಳಿದುಕೊಳ್ಳುವ ಶಿಷ್ಯರು ಅದಕ್ಕೂ ಕಡಮೆ ಎಂಬುದು ಅವನ ಆಕ್ಷೇಪ. ಪರಕೀಯನ ಮಾತೆಂದು ಇದನ್ನು ತಳ್ಳಿಬಿಡುವಂತಿಲ್ಲ. ವೇದವನ್ನು ಅಧ್ಯಯನಮಾಡಿ ಅರ್ಥವನ್ನು ಅರಿಯದವನನ್ನು ಭಾರವನ್ನು ಹೊತ್ತ ಕಂಬಕ್ಕೆ ಹೋಲಿಸುವ ಮಾತು ಯಾಸ್ಕನ ನಿರುಕ್ತದಲ್ಲಿಯೇ ಬಂದಿರುವುದು. ದೋಷವು ಹಳೆಯದು, ಅದನ್ನು ಕಂಡ ಕಣ್ಣೂ ಹಳೆಯದೇ.

ಶಾಲೆಗಳ ಕ್ಷೀಣದಶೆಗೆ ಕ್ಯಾಂಬೆಲ್ಲನು ಕೊಟ್ಟ ಕಾರಣವೂ ಮರೆಯತಕ್ಕುದಲ್ಲ. ವಿದೇಶೀಯ ಬಟ್ಟೆಗಳಿಂದ ನೇಕಾರರೇ ಮೊದಲಾದವರ ಕಸುಬು ಕೆಟ್ಟು ದೇಶವು ಬಡವಾಯಿತು. ಹಿಂದೆ ಶಾಲೆಯಿದ್ದ ಅನೇಕ ಊರುಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಗಳಿದ್ದೆಡೆಯಲ್ಲಿ ಉಳ್ಳವರ ಮಕ್ಕಳು ಕೆಲವರು ಮಾತ್ರ ಓದುತ್ತಿರುವರು ಎಂದು ಕಂಪೆನಿಯ ಅಧಿಕಾರಿಯೇ ಕಂಪೆನಿಗೆ ಬರೆದನು. ಮನ್ರೋ 1826ರಲ್ಲಿ ಎಲ್ಲ ಜಿಲ್ಲೆಗಳ ಲೆಕ್ಕವನ್ನು ಕೂಡಿಸಿದಾಗ ಮದರಾಸು ಪ್ರಾಂತದ 1,28,50,941 ಜನರಿಗೆ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದುದು ತಿಳಿದುಬಂದಿತು. ಈ ಕಾಗದಪತ್ರಗಳನ್ನು ಧರ್ಮಪಾಲರು 1983ರಲ್ಲಿ ಒಟ್ಟಾಗಿ ಪ್ರಕಟಿಸಿದ ಮೇಲೆ ಇವು ಹೆಚ್ಚು ಜನರ ದೃಷ್ಟಿಗೆ ಬಂದುವು.

ಆದುದರಿಂದ ಕೂಲಿಮಠವು ಶುದ್ಧವಾದ ದಾನದಿಂದ ನಡೆಯಿತೆಂಬುದು ಸರಿಯಲ್ಲ. ಹಣದಿಂದಲೋ ಧಾನ್ಯದಿಂದಲೋ ಊರು ಅಯ್ಯನವರನ್ನು ಸಾಕಿತು. ಆ ಅಯ್ಯನವರ ನೆರಳಿನಲ್ಲಿ ಹಿರಿಯ ಹುಡುಗರು ಕಿರಿಯರಿಗೆ ಬಿಟ್ಟಿಯಾಗಿ ಕಲಿಸಿದರು. ಊರಿಗೆ ಸಾಕುವ ಶಕ್ತಿ ತಪ್ಪಿದಾಗ ಹುಡುಗರ ಪರಸ್ಪರ ಸಹಾಯವೊಂದೇ ಶಾಲೆಯನ್ನು ಉಳಿಸಲಾರದೆ ಹೋಯಿತು. ಈ ಸಂಗತಿಯು ಮುಂದಿನ ಕಥೆಗೆ ಕೀಲಿಕೈಯಂತಿರುವುದು.

5

ಸ್ವಾತಂತ್ರ್ಯಾನಂತರ ಶಾಲೆಗಳ ಸಂಖ್ಯೆಯು ಬಹುಮಟ್ಟಿಗೆ ಹೆಚ್ಚಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಗಿ, 1990ರಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯು ಸಂಪೂರ್ಣ ಸಾಕ್ಷರವೆಂದು ಘೋಷಿಸಲ್ಪಟ್ಟಿತು. ಆ ಆಂದೋಲನದಲ್ಲಿ ವೇತನವಿಲ್ಲದ ಸಹಸ್ರಾರು ಮಂದಿ ವಯಸ್ಕರಿಗೆ ಓದು ಕಲಿಸಿದರು. ಅದೇ ಉತ್ಸಾಹವು ಮಕ್ಕಳ ಕಡೆಗೆ ತಿರುಗಿದುದು ಮುಂಬಯಿಯಲ್ಲಿ. 1994–95ರಲ್ಲಿ ಅಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ಪ್ರಥಮ್’ ಎಂಬ ಸಂಸ್ಥೆಯು ಹುಟ್ಟಿತು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಮಾಧವ ಚವಾಣರೂ ಸಮಾಜಸೇವಾ ಶಿಕ್ಷಣದಲ್ಲಿ ನಿರತರಾಗಿದ್ದ ಫರೀದಾ ಲಾಂಬೆಯವರೂ ಅದರ ಸ್ಥಾಪಕರು. ಕೊಳೆಗೇರಿಗಳಲ್ಲಿ ದೇವಾಲಯದ ಅಂಗಳ, ಯಾರಾದರೊಬ್ಬರ ಮನೆ, ಸಂಘದ ಕೊಠಡಿ, ಹೀಗೆ ಸಿಕ್ಕಿದೆಡೆಯಲ್ಲಿ ಚಿಕ್ಕಮಕ್ಕಳ ಬಾಲವಾಡಿಗಳನ್ನು ನಡೆಯಿಸುವುದು ಮೊದಲ ಕಾರ್ಯವಾಗಿದ್ದಿತು. ಕಟ್ಟಡವನ್ನು ಕಟ್ಟದೆ ಕೆಲಸವನ್ನು ಕಟ್ಟುವುದು ಅದರ ರೀತಿ.

ಕೆಲವು ವರ್ಷಗಳಲ್ಲಿಯೇ ಒಂದು ಸಂಗತಿಯು ಗೋಚರವಾಯಿತು. ಶಾಲೆಗೆ ಸೇರಿ ಮೂರನೆಯ ನಾಲ್ಕನೆಯ ತರಗತಿಗೆ ಬಂದಿದ್ದ ಅನೇಕ ಮಕ್ಕಳು ಅಕ್ಷರವನ್ನೇ ಗುರುತಿಸಲಾರದೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಪಾಠವು ಪುಸ್ತಕದ ವೇಗದಿಂದ ಮುಂದೆ ಹೋಗುವುದು. ಮಗುವು ತಾನಿದ್ದಲ್ಲಿಯೇ ನಿಂತಿರುವುದು. ಇಂತಹವರಿಗಾಗಿ 1998ರಲ್ಲಿ ‘ಬಾಲಸಖಿ’ ಎಂಬ ಏರ್ಪಾಡು ಹೊರಟಿತು. ಅದೇ ಕೇರಿಯ, ಹತ್ತನೆಯ ತರಗತಿಯವರೆಗೆ ಓದಿದ ತರುಣಿಯೊಬ್ಬಳು ಸುಮಾರು ಎರಡು ವಾರಗಳ ತರಬೇತಿಯನ್ನು ಪಡೆದು, ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂರಿಸಿಕೊಂಡು ಓದು, ಲೆಕ್ಕಗಳನ್ನು ಕಲಿಸುವಳು. ಅವಳಿಗೆ ತಿಂಗಳಿಗೆ ಸಲ್ಲುತ್ತಿದ್ದುದು 500ರಿಂದ 750 ರೂಪಾಯಿಗಳಷ್ಟು ಅಲ್ಪವಾದ ಗೌರವಧನ. ಇದನ್ನು ದಾನವೆಂದೂ ಹೇಳುವಂತಿಲ್ಲ, ವೇತನವೆಂದೂ ಹೇಳುವಂತಿಲ್ಲ. ಬಳ್ಳಾರಿಯ ಲೆಕ್ಕದಲ್ಲಿ 6,641 ವಿದ್ಯಾರ್ಥಿಗಳಲ್ಲಿ 60 ಮಂದಿಯಾಗಿದ್ದ ಹೆಣ್ಣುಮಕ್ಕಳ ಪೀಳಿಗೆಯು ಇಲ್ಲಿ ಗುರುಸ್ಥಾನಕ್ಕೆ ಬಂದುದು ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

ಮುಂಬಯಿ, ವಡೋದರಾ ನಗರಗಳಲ್ಲಿ 2001ರಿಂದ 2003ರವರೆಗೆ ಈ ಕ್ರಮವನ್ನು ಪರೀಕ್ಷಿಸಲಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದ ಅರ್ಥಶಾಸ್ತ್ರಜ್ಞರು, ಬಾಲಸಖಿಯುಳ್ಳ ತರಗತಿಗಳನ್ನೂ ಇಲ್ಲದ ತರಗತಿಗಳನ್ನೂ ಚೀಟಿಯೆತ್ತಿದಂತೆ ಆರಿಸಿ ಹೋಲಿಸಿದರು. ಬಾಲಸಖಿಯ ಬಳಿ ಕುಳಿತ ಮಕ್ಕಳು, ಅವರಲ್ಲಿಯೂ ತೀರ ಹಿಂದುಳಿದವರು, ಸ್ಪಷ್ಟವಾಗಿ ಮುಂದುವರಿದರು. ಅವರು ಹೊರಗೆ ಹೋದುದರಿಂದ ಮಕ್ಕಳ ಸಂಖ್ಯೆ ಕಡಮೆಯಾದ ಮೂಲ ತರಗತಿಯಲ್ಲಿ ಉಳಿದವರಿಗೆ ಮಾತ್ರ ವಿಶೇಷ ಲಾಭವೇನೂ ಆಗಲಿಲ್ಲ. ಗುಂಪು ಚಿಕ್ಕದಾದುದಷ್ಟೇ ಸಾಲದು, ಪಾಠವು ಮಗುವಿನ ನೆಲೆಗೆ ಇಳಿಯಬೇಕು ಎಂಬುದು ಇದರ ತಾತ್ಪರ್ಯ. ಆದರೆ ಏರ್ಪಾಡು ನಿಂತ ಒಂದು ವರ್ಷದ ಮೇಲೆ ನೋಡಿದಾಗ ಲಾಭದ ಬಹುಭಾಗವು ಕರಗಿದ್ದಿತೆಂಬುದನ್ನೂ ಅದೇ ಪಂಡಿತರು ಮರೆಮಾಡದೆ ಬರೆದಿರುವರು.

6

ನಗರದ ಕೇರಿಯಿಂದ ಹಳ್ಳಿಗೆ ಈ ಕಾರ್ಯವು ಹೋದುದು 2005ರ ಸುಮಾರಿನಲ್ಲಿ. ಆ ವರ್ಷವೇ ‘ಅಸರ್’ ಎಂಬ ವಾರ್ಷಿಕ ವರದಿಯು ಮೊದಲಾಯಿತು. ಸ್ವಯಂಸೇವಕರು ಹಳ್ಳಿಗಳ ಮನೆಮನೆಗೂ ಹೋಗಿ ಒಂದೊಂದು ಮಗುವಿನ ಎದುರಿಗೂ ಕುಳಿತು, ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಚಿಕ್ಕ ಕಥೆ ಇವುಗಳನ್ನು ಓದಿಸಿ ನೋಡುವುದೇ ಅದರ ಕ್ರಮ. ಗ್ರಾಮಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಶಾಲೆಗೆ ಸೇರಿದ್ದರೂ, 7ರಿಂದ 14 ವರ್ಷದವರಲ್ಲಿ ನೂರಕ್ಕೆ ಸುಮಾರು 35 ಮಂದಿ ಆ ನಾಲ್ಕು ಸಾಲನ್ನು ಓದಲಾರರೆಂಬುದು ತಿಳಿಯಿತು.

ಉತ್ತರಪ್ರದೇಶದ ಜೌನಪುರ ಜಿಲ್ಲೆಯ 280 ಹಳ್ಳಿಗಳಲ್ಲಿ 2005–06ರಲ್ಲಿ ನಡೆದ ಪ್ರಯೋಗವು ಈ ಚರಿತ್ರೆಯ ಮುಖ್ಯವಾದ ಘಟ್ಟ. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಶಾಲೆಯನ್ನು ಕುರಿತ ಜನರ ಹಕ್ಕುಗಳನ್ನು ತಿಳಿಸಿದರು. ಕೆಲವೆಡೆಗಳಲ್ಲಿ ಅದರ ಜೊತೆಗೆ ಮಕ್ಕಳ ಓದಿನ ಸ್ಥಿತಿಯನ್ನು ಊರಿನವರೇ ಪರೀಕ್ಷಿಸುವಂತೆ ಮಾಡಿದರು. 65 ಹಳ್ಳಿಗಳಲ್ಲಿ ಇವೆರಡರ ಮೇಲೆ, ಊರಿನ ತರುಣರಿಗೆ ಕೆಲವು ದಿನಗಳ ತರಬೇತಿಯನ್ನು ಕೊಟ್ಟು ಶಾಲೆಯ ಹೊರಗೆ ಓದಿನ ಶಿಬಿರಗಳನ್ನು ನಡೆಯಿಸುವಂತೆ ಹೇಳಿದರು. ಸಭೆಗಳಿಂದ ಯಾವ ಬದಲಾವಣೆಯೂ ಆಗಲಿಲ್ಲ. ಶಿಬಿರಗಳಾದರೋ 55 ಹಳ್ಳಿಗಳಲ್ಲಿ ವೇತನವಿಲ್ಲದೆಯೇ ನಡೆದುವು. ಒಂದಕ್ಷರವನ್ನೂ ಅರಿಯದೆ ಶಿಬಿರಕ್ಕೆ ಬಂದ ಮಕ್ಕಳು ಬಹುಮಟ್ಟಿಗೆ ಅಕ್ಷರಜ್ಞರಾದರು. ಅಕ್ಷರವನ್ನು ಬಲ್ಲವರಲ್ಲಿ ಹಲವರು ಕಥೆಯನ್ನು ಓದುವವರಾದರು. ಆದರೆ ಶಿಬಿರಕ್ಕೆ ಬಂದವರೆಷ್ಟು? ಆ ಹಳ್ಳಿಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 8 ಮಂದಿ. ಓದು ಬಾರದವರಲ್ಲಿ ನೂರಕ್ಕೆ ಸುಮಾರು 13 ಮಂದಿ ಮಾತ್ರ. ಬಂದವರಿಗೆ ಫಲವಿದ್ದಿತು; ಬಾರದವರನ್ನು ಕರೆತರುವ ಶಕ್ತಿಯು ಸ್ವಯಂಸೇವೆಗೆ ಇರಲಿಲ್ಲ.

ಇದರ ಮೇಲೆ 2007ರಲ್ಲಿ ಈ ಕಾರ್ಯವು ದೇಶವ್ಯಾಪಕವಾಯಿತು. ಎರಡು ಮೂರು ವರ್ಷಗಳಲ್ಲಿ ಮೂರು ಕೋಟಿಗಿಂತ ಹೆಚ್ಚು ಮಕ್ಕಳನ್ನು ಅದು ಮುಟ್ಟಿತು. ವಿಸ್ತಾರದೊಡನೆ ಅದರ ದೌರ್ಬಲ್ಯವೂ ಬೆಳಕಿಗೆ ಬಂದಿತು. ಬಿಹಾರ, ಉತ್ತರಾಖಂಡಗಳಲ್ಲಿ 2008ರಿಂದ 2010ರವರೆಗೆ ನಡೆದ ಪರೀಕ್ಷೆಗಳ ಫಲವು ಸ್ಪಷ್ಟವಾಗಿರುವುದು. ಪುಸ್ತಕಗಳನ್ನು ಹಂಚಿದುದರಿಂದಾಗಲಿ ಉಪಾಧ್ಯಾಯರಿಗೆ ತರಬೇತಿಯನ್ನು ಕೊಟ್ಟುದರಿಂದಾಗಲಿ ಶಾಲೆಯ ದಿನಗಳಲ್ಲಿ ಓದು ಸುಧಾರಿಸಲಿಲ್ಲ. ಉತ್ತರಾಖಂಡದಲ್ಲಿ ಶಾಲೆಯೊಳಕ್ಕೆ ಕಳುಹಿಸಿದ ಸ್ವಯಂಸೇವಕನು ಸಾಮಾನ್ಯ ಉಪಾಧ್ಯಾಯನ ಬದಲಿಯಾಗಿ ಅದೇ ಪುಸ್ತಕದ ಪಾಠವನ್ನು ಹೇಳತೊಡಗಿದನು. ಅಲ್ಲಿ ಫಲವೇ ಕಾಣಲಿಲ್ಲ. ಬಿಹಾರದಲ್ಲಿ ಸ್ವಯಂಸೇವಕರು ಶಾಲೆಯ ಹೊತ್ತಿನ ಹೊರಗೆ ಕಲಿಸಿದೆಡೆಯಲ್ಲಿ ಫಲವಾಯಿತು. ಅದೇ ಬಿಹಾರದಲ್ಲಿ 2008ರ ಬೇಸಗೆಯ ರಜೆಯಲ್ಲಿ, ವೇತನವನ್ನು ಪಡೆಯುವ ಸರ್ಕಾರೀ ಉಪಾಧ್ಯಾಯರೇ ಪುಸ್ತಕದ ಬಂಧನವಿಲ್ಲದೆ ಒಂದು ತಿಂಗಳು ಹಿಂದುಳಿದ ಮಕ್ಕಳಿಗೆ ಓದು ಕಲಿಸಿದಾಗಲೂ ಫಲವಾಯಿತು.

ಈ ಕೊನೆಯ ಸಂಗತಿಯೇ ಮುಂದಿನ ದಾರಿಯನ್ನು ತೋರಿತು. ಹರಿಯಾಣದಲ್ಲಿ 2012–13ರಲ್ಲಿ ಸರ್ಕಾರೀ ಉಪಾಧ್ಯಾಯರು ದಿನದಲ್ಲಿ ಒಂದು ಗಂಟೆಯನ್ನು ಇದಕ್ಕಾಗಿಯೇ ಮೀಸಲಿಟ್ಟು, ತರಗತಿಯ ಭೇದವನ್ನು ಬಿಟ್ಟು ಓದಿನ ಮಟ್ಟದಂತೆ ಮಕ್ಕಳನ್ನು ವಿಂಗಡಿಸಿ ಕಲಿಸಿದರು. ಉತ್ತರಪ್ರದೇಶದಲ್ಲಿ 2013–14ರಲ್ಲಿ ಪ್ರಥಮ್ ಸಂಸ್ಥೆಯ ಕಾರ್ಯಕರ್ತರು ಊರಿನ ಸ್ವಯಂಸೇವಕರ ನೆರವಿನೊಡನೆ, ಶಾಲೆಯಲ್ಲಿಯೇ, ಒಮ್ಮೆಗೆ ಹತ್ತಿಪ್ಪತ್ತು ದಿನಗಳಂತೆ ಒಟ್ಟು ಐವತ್ತು ದಿನಗಳ ಶಿಬಿರಗಳನ್ನು ನಡೆಯಿಸಿದರು. ಶಿಬಿರಗಳು ನಡೆದ ಶಾಲೆಗಳಲ್ಲಿ ನಾಲ್ಕು ಸಾಲನ್ನಾಗಲಿ ಕಥೆಯನ್ನಾಗಲಿ ಓದಬಲ್ಲ ಮಕ್ಕಳ ಪ್ರಮಾಣವು ನಡೆಯದ ಶಾಲೆಗಳಿಗಿಂತ ಹೆಚ್ಚುಕಡಮೆ ಇಮ್ಮಡಿಯಾಗಿದ್ದಿತು. ಬ್ಯಾನರ್ಜಿ, ಡುಫ್ಲೋ ಇವರಿಗೆ ಮೈಕೆಲ್ ಕ್ರೆಮರರೊಡನೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಾಗ, ಕೊಳೆಗೇರಿಯ ಬಾಲಸಖಿಯರ ಕೆಲಸವೂ ಲೋಕದ ಪ್ರಸ್ತಾಪಕ್ಕೆ ಬಂದಿತು.

7

ಕರ್ನಾಟಕಕ್ಕೂ ಈ ಕಾರ್ಯಕ್ಕೂ ಎರಡು ಬಗೆಯ ಸಂಬಂಧವಿರುವುದು. ಬೆಂಗಳೂರಿನಲ್ಲಿ 2000ದಲ್ಲಿ ಇದೇ ಧ್ಯೇಯದಿಂದ ಅಕ್ಷರ ಫೌಂಡೇಶನ್ ಸ್ಥಾಪಿತವಾಯಿತು. ಬಳಿಕ ರಾಜ್ಯದ ಶಿಕ್ಷಣ ಇಲಾಖೆಯು ಪ್ರಥಮ್ ಸಂಸ್ಥೆಯ ಸಹಕಾರದಿಂದ ಸರ್ಕಾರೀ ಶಾಲೆಗಳ 4 ಮತ್ತು 5ನೆಯ ತರಗತಿಗಳ ಮಕ್ಕಳಿಗಾಗಿ ‘ಓದು ಕರ್ನಾಟಕ’ ಎಂಬ ಕಾರ್ಯವನ್ನು ಕೈಕೊಂಡಿತು. ಇದು ಸಂಸ್ಥೆಗಳ ಸಂಬಂಧ. ಎರಡನೆಯದು ಲಿಪಿಯ ಸಂಬಂಧ. ವಿದ್ವಾಂಸರಿಗೆ ಇದೇ ಹೆಚ್ಚು ವಿಚಾರಾರ್ಹ.

ಪ್ರಥಮ್ ಸಂಸ್ಥೆಯ ಓದಿನ ಪಾಠಕ್ಕೆ ಆಧಾರವಾದುದು ಹಿಂದಿಯಲ್ಲಿ ಬಾರಹಖಡಿ ಎನಿಸಿಕೊಳ್ಳುವ ಪಟ. ಕನ್ನಡದಲ್ಲಿ ಅದೇ ಕಾಗುಣಿತ. ಭಾರತೀಯ ಲಿಪಿಗಳಲ್ಲಿ ಓದಿನ ಘಟಕವು ಒಂಟಿ ವ್ಯಂಜನವಲ್ಲ, ಸ್ವರದೊಡಗೂಡಿದ ಗುಣಿತಾಕ್ಷರ. ಕ ಎಂಬುದನ್ನು ಕಿ, ಕು, ಕೆ ಎಂದು ಬದಲಾಯಿಸುವ ಕ್ರಮವನ್ನು ಒಂದು ಸಾಲಿನಲ್ಲಿ ತಿಳಿದ ಮಗುವಿಗೆ ಗ, ತ, ಮಗಳ ಸಾಲುಗಳು ತಾವಾಗಿಯೇ ತೆರೆದುಕೊಳ್ಳುವುವು. ವರ್ಣಗಳ ಸ್ಥಾನಪ್ರಯತ್ನಗಳನ್ನು ಕಂಡು ವರ್ಣಮಾಲೆಯನ್ನು ಜೋಡಿಸಿದ ಪ್ರಾಚೀನ ವೈಯಾಕರಣರ ಬುದ್ಧಿಯು ಕೊಳೆಗೇರಿಯ ಮಗುವಿಗೂ ಹೀಗೆ ಉಪಕಾರಮಾಡುತ್ತಿರುವುದು.

ಆದರೆ ಮಠದ ಕಾಗುಣಿತಕ್ಕೂ ಇದಕ್ಕೂ ಭೇದವಿರುವುದು. ಅಲ್ಲಿ ಕಾಗುಣಿತವು ಮುಗಿಯುವವರೆಗೆ ಪದವಿಲ್ಲ, ಪದವು ಮುಗಿಯುವವರೆಗೆ ವಾಕ್ಯವಿಲ್ಲ; ವಾಕ್ಯವು ಬಂದಾಗ ಅದು ಪುರಾಣದ ಪದ್ಯ. ಇಲ್ಲಿ ಮೊದಲ ದಿನದಿಂದಲೇ ಪಟದ ಜೊತೆಗೆ ಮನೆಯ ಮಾತಿಗೆ ಹತ್ತಿರವಾದ ನಾಲ್ಕು ಸಾಲಿನ ಕಥೆಯನ್ನು ಓದಿ ಕೇಳಿಸುವರು. ಮಕ್ಕಳು ಅದನ್ನು ಕುರಿತು ಮಾತನಾಡುವರು, ಪಟದ ಅಕ್ಷರಗಳಿಂದ ಪದಗಳನ್ನು ಕಟ್ಟುವರು, ತಮಗೆ ತೋರಿದುದನ್ನು ಬರೆಯುವರು. ಅರ್ಥವು ಕೊನೆಯಲ್ಲಿ ಸಿಗುವ ಬಹುಮಾನವಾಗಿರದೆ ಮೊದಲೇ ಕೈಗೆ ಕೊಟ್ಟ ಊರುಗೋಲಾಗಿರುವುದು. ಕ್ಯಾಂಬೆಲ್ಲನು ಎತ್ತಿದ ಆಕ್ಷೇಪಕ್ಕೆ ಇದೊಂದು ಸಮಾಧಾನ. ಕನ್ನಡದಲ್ಲಿ ಒತ್ತಕ್ಷರಗಳ ತೊಡಕು ಬೇರೆ ಉಳಿದಿರುವುದು. ‘ಮನೆ’, ‘ಗಿಳಿ’ಗಳನ್ನು ಓದಿದ ಮಗುವು ‘ಅಕ್ಕ’, ‘ಅಮ್ಮ’ಗಳನ್ನು ದಾಟಿ ‘ಶಾಸ್ತ್ರ’, ‘ರಾಷ್ಟ್ರ’ಗಳಿಗೆ ಬರುವಾಗ ತಡವರಿಸುವುದು. ನಾಲ್ಕು ಸಾಲನ್ನು ಓದುವುದು ಓದಿನ ಬಾಗಿಲೇ ಹೊರತು ಮನೆಯಲ್ಲ. ಅಲ್ಲಿಂದ ಮುಂದಕ್ಕೆ ಕರೆದೊಯ್ಯುವ ಕೆಲಸವು ಭಾಷೆಯ ಉಪಾಧ್ಯಾಯರದೇ.

8

ಈಗ ಮೊದಲ ಪ್ರಶ್ನೆಗೆ ಹಿಂದಿರುಗಬಹುದು. ಈ ಕಾರ್ಯವು ಹಳೆಯ ಮಠದ ಪದ್ಧತಿಯೇ ಎಂಬ ಪಕ್ಷದಲ್ಲಿ ಸತ್ಯಾಂಶವಿರುವುದು. ವಯಸ್ಸನ್ನು ನೋಡದೆ ತಿಳಿವಳಿಕೆಯನ್ನು ನೋಡಿ ಗುಂಪು ಮಾಡುವುದು, ಸ್ವಲ್ಪ ಹೆಚ್ಚು ಬಲ್ಲವನಿಂದ ಕಲಿಸುವುದು, ಬಾಯಿಂದ ಹೇಳಿ ಕೈಯಿಂದ ಬರೆಯುವುದು, ಬೆಲೆಯಿಲ್ಲದ ಉಪಕರಣಗಳನ್ನು ಬಳಸುವುದು, ಈ ನಾಲ್ಕೂ 1823ರ ಬಳ್ಳಾರಿಯಲ್ಲಿದ್ದುವು. ತರಗತಿಯ ವಯಸ್ಸಿಗೂ ಪುಸ್ತಕದ ಪುಟಕ್ಕೂ ಮಗುವನ್ನು ಕಟ್ಟಿಹಾಕಿದ ಅನಂತರದ ಶಾಲೆಯು ಇವುಗಳಲ್ಲಿ ಮೊದಲನೆಯದನ್ನು ಕಳೆದುಕೊಂಡಿತು. ಹೊಸತೆಂಬ ಪಕ್ಷದಲ್ಲಿಯೂ ಸತ್ಯಾಂಶವಿರುವುದು. ಎಲ್ಲ ಜಾತಿಯ ಗಂಡು ಹೆಣ್ಣು ಮಕ್ಕಳಿಗೂ ಓದು ಬರಲೇಬೇಕೆಂಬ ಸಂಕಲ್ಪವು ಹಳೆಯ ಮಠಕ್ಕೆ ಇರಲಿಲ್ಲ. ಓದು ಬಂದಿತೇ ಇಲ್ಲವೇ ಎಂಬುದನ್ನು ಒಂದೊಂದು ಮಗುವಿನಿಂದಲೂ ಓದಿಸಿ ನೋಡಿ ಲೋಕಕ್ಕೆ ತಿಳಿಸುವ ರೀತಿಯೂ ಇರಲಿಲ್ಲ.

ದಾನವೋ ಕೂಲಿಯೋ ಎಂಬ ಪ್ರಶ್ನೆಗೆ ಈ ಚರಿತ್ರೆಯು ಕೊಡುವ ಉತ್ತರವು ಎರಡು ಪಕ್ಷದವರಿಗೂ ಪೂರ್ಣವಾಗಿ ಹಿತವಾಗಲಾರದು. ದಾನಬುದ್ಧಿಯು ದಾರಿಯನ್ನು ಕಂಡುಹಿಡಿಯಿತು. ಹುಡುಗನಾದ ಫ್ರಿಸ್ಕೆನನೂ ಕೇರಿಯ ಬಾಲಸಖಿಯೂ ಜೌನಪುರದ ತರುಣರೂ ಶಾಲೆಗೆ ಅಸಾಧ್ಯವಾಗಿ ತೋರಿದುದನ್ನು ಸಾಧ್ಯವೆಂದು ತೋರಿಸಿದರು. ಆದರೆ ಆ ದಾರಿಯಲ್ಲಿ ಎಲ್ಲ ಮಕ್ಕಳನ್ನೂ, ವರ್ಷವರ್ಷವೂ, ತಪ್ಪದೆ ನಡೆಯಿಸುವ ಬಲವು ದಾನಕ್ಕೆ ಇರಲಿಲ್ಲ. ಸ್ವಯಂಸೇವಕರಿರುವರೆಂದು ಉಪಾಧ್ಯಾಯರ ನೇಮಕವನ್ನು ಕಡಮೆಮಾಡುವ ಸರ್ಕಾರವು ಅಯ್ಯನವರಿಲ್ಲದ ಮಠವನ್ನು ಕಟ್ಟಲೆಳಸಿದಂತಾಗುವುದು. ವೇತನವನ್ನು ಪಡೆಯುವ ಉಪಾಧ್ಯಾಯನೇ ಪುಸ್ತಕವನ್ನು ಮುಗಿಸುವ ಆತುರವನ್ನು ದಿನಕ್ಕೆ ಒಂದು ಗಂಟೆ ಬದಿಗಿಟ್ಟು ಮಗುವಿದ್ದಲ್ಲಿಗೆ ಇಳಿದಾಗ, ಬಾಲಸಖಿಗೆ ಬಂದ ಫಲವು ಅವನಿಗೂ ಬಂದಿತು. ಕೂಲಿಮಠವೆಂಬ ಹೆಸರಿನಲ್ಲಿ ಲೋಕವು ಕುಂದನ್ನು ಕಾಣದೆ ಹೋದುದು ಅವಿವೇಕದಿಂದಲ್ಲ. ಕೂಲಿಯನ್ನು ಕೊಟ್ಟವರಿಗೆ ಕೆಲಸವನ್ನು ಕೇಳುವ ಹಕ್ಕಿರುವುದೆಂಬುದು ಅದಕ್ಕೆ ತಿಳಿದಿದ್ದಿತು.

ಕಾರ್ಯವು ಮುಗಿದಿಲ್ಲ. ಗ್ರಾಮಗಳ 5ನೆಯ ತರಗತಿಯ ಮಕ್ಕಳಲ್ಲಿ 2ನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಸುಮಾರು ಅರ್ಧದಷ್ಟಿದ್ದು, ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದ ಮೇಲೆ 2022ರಲ್ಲಿ ನೂರಕ್ಕೆ ಸುಮಾರು 43ಕ್ಕೆ ಇಳಿದುದನ್ನು ‘ಅಸರ್’ ವರದಿಗಳು ತಿಳಿಸುವುವು. ಉಳಿದ ಮಕ್ಕಳು ಶಾಲೆಯಲ್ಲಿಯೇ ಇರುವರು. ದಿನವೂ ಬರುವರು, ಹಿಂದಿನ ಸಾಲಿನಲ್ಲಿ ಕೂರುವರು, ಇತರರು ಹೇಳಿದುದನ್ನು ಕೂಡಿ ಹೇಳುವರು. ಅವರ ಅಂಗೈಯಲ್ಲಿ ಬರೆಯಲ್ಪಟ್ಟಿರುವುದು ಬಳ್ಳಾರಿಯ ಎರಡನೆಯ ಹುಡುಗನ ಸೊನ್ನೆ: ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ, ಯಾರ ಗಮನವೂ ಇಲ್ಲ. ಆ ಸೊನ್ನೆಯನ್ನು ಅಳಿಸಿ ಅಲ್ಲಿ ಸರಸ್ವತಿಯ ಹೆಸರನ್ನು ಬರೆಯುವವರು ವೇತನಿಗಳಾಗಲಿ, ದಾನಿಗಳಾಗಲಿ, ಮೊದಲು ಆ ಮಗುವಿನ ಬಳಿ ಕುಳಿತು ಅದು ಎಲ್ಲಿಯವರೆಗೆ ಓದಬಲ್ಲುದೆಂಬುದನ್ನು ಕೇಳಿ ತಿಳಿಯಬೇಕಾಗಿರುವುದು.